ಟ್ಯೂಬ್‌ಲೈಟ್ ಬೆಳಕಿನಲ್ಲಿ ಪಟ್ಟೆಗಳು ಹರಿದಾಡುತ್ತಿವೆ: ಕ್ಯಾನನ್ 1500ಡಿ

ತುಂಗಾತೀರ:
ಗೆಳೆಯರೆಲ್ಲ ದುಡ್ಡು ಹಾಕಿ ಹನ್ನೆರಡು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ಕ್ಯಾಮೆರಾ, ಅದರೊಂದಿಗೇ ಬಂದ 18–55 ಲೆನ್ಸ್. ಹಗಲಿನ ದೃಶ್ಯಗಳು ಚೆನ್ನಾಗಿವೆ. ತೀರ್ಥಹಳ್ಳಿ ಹತ್ತಿರ ಅಜ್ಜಿಯ ಅಡುಗೆಮನೆಯಲ್ಲಿ ರಾತ್ರಿ ತೆಗೆದವುಗಳಲ್ಲಿ ಮಾತ್ರ ಗೋಡೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಸೆಕೆಂಡಿಗೆ 30 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು) 1/60 ಸೆಕೆಂಡ್, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 1600. ಶಟರಿನ ಸಂಖ್ಯೆ ಫ್ರೇಮಿನ ಎರಡರಷ್ಟು ಇರಬೇಕೆಂದು ಒಂದು ವಿಡಿಯೊ ಪಾಠದಲ್ಲಿ ಕೇಳಿದ್ದೆ. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಹೋಗಿದೆಯೇ?

ಅಡಿಕೆಚಪ್ಪರ:
ಸರ್ವಿಸ್ ಸೆಂಟರಿನಲ್ಲಿ ತೋರಿಸಿಬಿಡಿ. ನನ್ನ ಹಳೆಯ ಕ್ಯಾಮೆರಾದಲ್ಲಿ ಗೆರೆ ಬಂದಾಗ ಸೆನ್ಸರನ್ನೇ ಬದಲಿಸಬೇಕಾಯಿತು.

ಕತ್ತಲಕೋಣೆ:
ದಯವಿಟ್ಟು ಈಗಲೇ ದುಡ್ಡು ಸುರಿಯಬೇಡಿ. ಸೆನ್ಸರ್ ಕೆಟ್ಟಿದ್ದರೆ ಗೆರೆ ಹಗಲಿನಲ್ಲೂ ಇರುತ್ತಿತ್ತು, ಅದೂ ಒಂದೇ ಜಾಗದಲ್ಲಿ.

ಆ ಪಾಠ ಅಮೆರಿಕದವರಿಗಾಗಿ ಮಾಡಿದ್ದಿರಬೇಕು. ಅಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50. ಹಳೆಯ ಚೋಕಿನ ಟ್ಯೂಬ್‌ಲೈಟು ನಮ್ಮಲ್ಲಿ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಶಟರ್ 1/50 ಇದ್ದರೆ ಸೆನ್ಸರಿನ ಪ್ರತಿ ಸಾಲಿಗೂ ಪೂರ್ತಿ ಎರಡು ಮಿನುಗಿನ ಬೆಳಕು ಸಿಗುತ್ತದೆ. 1/60 ಇಟ್ಟರೆ ಒಂದು ಪೂರ್ತಿ, ಇನ್ನೊಂದು ಅರೆಬರೆ. ಸೆನ್ಸರ್ ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದಿಕೊಳ್ಳುವುದರಿಂದ ಕೆಲವು ಸಾಲುಗಳಿಗೆ ಹೆಚ್ಚು, ಕೆಲವಕ್ಕೆ ಕಡಿಮೆ ಬೆಳಕು ಬಿದ್ದು ಪಟ್ಟೆ ಮೂಡುತ್ತದೆ.

ಮೆನುವಿನಲ್ಲಿ ವಿಡಿಯೊ ಸಿಸ್ಟಮ್ ಅನ್ನು ಪಾಲ್‌ಗೆ (PAL, ನಮ್ಮಲ್ಲಿ ಬಳಸುವ ವಿಡಿಯೊ ಪದ್ಧತಿ) ಬದಲಿಸಿ, 25 ಫ್ರೇಮ್ ಆರಿಸಿ. ಮೂವಿ ಎಕ್ಸ್‌ಪೋಷರ್ ಮ್ಯಾನ್ಯುಯಲ್ ಇರಲಿ, ಶಟರ್ 1/50. ಬೆಳಕು ಹೆಚ್ಚಾದರೆ 1/100 ಕೂಡ ನಡೆಯುತ್ತದೆ. ಈ ಕ್ಯಾಮೆರಾಕ್ಕೆ ಮೈಕ್ ಜಾಕ್ ಇಲ್ಲ, ಹಾಗಾಗಿ ಧ್ವನಿಯನ್ನು ಫೋನಿನಲ್ಲಿ ಬೇರೆಯಾಗಿ ಹಿಡಿದು, ಶಾಟಿನ ಮೊದಲು ಒಂದು ಚಪ್ಪಾಳೆ ಹಾಕಿ ಹೊಂದಿಸಿಕೊಳ್ಳಿ.

ತುಂಗಾತೀರ:
ಸರ್, 1/50 ಇಟ್ಟ ಕೂಡಲೇ ಪಟ್ಟೆ ಮಾಯ! ಆದರೆ ನಿನ್ನೆ ಕರೆಂಟು ಹೋಗಿ, ಬಾಡಿಗೆಯ ಸಣ್ಣ ಜನರೇಟರ್ ಹಾಕಿದೆವು. ಅದೇ ಸೆಟ್ಟಿಂಗು, ಅದೇ ಟ್ಯೂಬು. ಪಟ್ಟೆ ತೆಳುವಾಗಿ, ನಿಧಾನವಾಗಿ ಮತ್ತೆ ತೇಲಿತು.

ಕತ್ತಲಕೋಣೆ:
ಅಂಥ ಸಣ್ಣ ಪೆಟ್ರೋಲ್ ಜನರೇಟರುಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 3000 ಸುತ್ತು ತಿರುಗಿದಾಗ ಮಾತ್ರ 50 ಹರ್ಟ್ಸ್ ಕೊಡುತ್ತವೆ. ಲೋಡು ಏರಿಳಿದಂತೆ ಸುತ್ತೂ ಏರಿಳಿಯುತ್ತದೆ, ಅದರೊಂದಿಗೆ ಮಿನುಗೂ. ಅಲ್ಲಿ ಟ್ಯೂಬನ್ನು ನಂದಿಸಿ, ಹಳೆಯ ತಂತಿ ಬಲ್ಬು ಅಥವಾ ಹ್ಯಾಲೊಜನ್ ಹಾಕಿ. ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ, ಆದ್ದರಿಂದ ಬೆಳಕು ಹೆಚ್ಚು ಕುಣಿಯುವುದಿಲ್ಲ. ಅಡುಗೆಮನೆಗೆ ಆ ಹಳದಿಯೇ ಚೆಂದ ಎಂದು ನನಗನ್ನಿಸುತ್ತದೆ. ಬಿಳಿ ಬೆಳಕೇ ಬೇಕಿದ್ದರೆ ಬ್ಯಾಟರಿಯ ಎಲ್‌ಇಡಿ ಪ್ಯಾನೆಲ್ ತನ್ನಿ, ಆದರೆ ಮಂಕು ಮಾಡಬೇಡಿ: ಕೆಲವು ಅಗ್ಗದ ಪ್ಯಾನೆಲ್‌ಗಳು ಬೆಳಕು ಇಳಿಸುವಾಗ ತಾವೇ ಮಿನುಗುತ್ತವೆ.

ತುಂಗಾತೀರ:
ಇನ್ನೊಂದೇ ಪ್ರಶ್ನೆ. ಮೊದಲ ರಾತ್ರಿ ಅಜ್ಜಿ ಒಲೆ ಊದುವ ಶಾಟ್ ತೆಗೆದಿದ್ದೆವು. ಈಗ ಅವರು ಶಿವಮೊಗ್ಗಕ್ಕೆ ಮಾವನ ಮನೆಗೆ ಹೋಗಿದ್ದಾರೆ, ಮಳೆಗಾಲ ಮುಗಿಯುವವರೆಗೆ ಬರುವುದಿಲ್ಲ. ಆ ಶಾಟ್ ಉಳಿಸಿಕೊಳ್ಳಬಹುದೇ?

ಕತ್ತಲಕೋಣೆ:
ಟ್ರೈಪಾಡ್ ಮೇಲಿಟ್ಟು ತೆಗೆದದ್ದಾದರೆ ಉಳಿಸಬಹುದು. 30 ಫ್ರೇಮಿಗೆ 100 ಮಿನುಗು ಎಂದರೆ 3 ಫ್ರೇಮಿಗೆ 10. ಅಂದರೆ ಪಟ್ಟೆಯ ವಿನ್ಯಾಸ ಮೂರು ಫ್ರೇಮಿಗೊಮ್ಮೆ ಮರಳುತ್ತದೆ. ಎಡಿಟಿಂಗಿನಲ್ಲಿ, 30 ಫ್ರೇಮಿನ ಟೈಮ್‌ಲೈನಿನಲ್ಲೇ, ಅದೇ ಕ್ಲಿಪ್ಪನ್ನು ಮೂರು ಪದರವಾಗಿ ಇಡಿ. ಎರಡನೆಯದನ್ನು ಒಂದು ಫ್ರೇಮ್, ಮೂರನೆಯದನ್ನು ಎರಡು ಫ್ರೇಮ್ ಸರಿಸಿ. ಒಪಾಸಿಟಿ (ಪದರ ಎಷ್ಟು ದಟ್ಟವಾಗಿ ಕಾಣಬೇಕು ಎಂಬುದು) ಕೆಳಗಿನಿಂದ ಮೇಲಕ್ಕೆ ಶೇಕಡಾ 100, 50, 33. ಮೂರೂ ಸಮನಾಗಿ ಬೆರೆತು ಪಟ್ಟೆಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಅಲುಗುವ ಕೈ, ಮುಖ ಮಾತ್ರ ಮಸುಕಾಗುತ್ತವೆ. ಅಲ್ಲಿ ಮೇಲಿನ ಎರಡು ಪದರಗಳಿಗೆ ಮಾಸ್ಕ್ (ಪದರದ ಒಂದು ಭಾಗವನ್ನು ಮರೆಮಾಡುವ ಗಡಿ) ಹಾಕಿ, ಕೆಳಗಿನ ಪದರ ಮಾತ್ರ ಕಾಣುವಂತೆ ತೂತು ಬಿಡಿ.

ತುಂಗಾತೀರ:
ಮಾಡಿದೆ. ಗೋಡೆ ಸ್ವಚ್ಛವಾಗಿದೆ. ಅಜ್ಜಿಯ ಮುಖದ ಸುತ್ತ ಮಾಸ್ಕ್ ಹಾಕಲು ಎರಡು ರಾತ್ರಿ ಹಿಡಿಯಿತು. ಊದುಕೊಳವೆ ಹಿಡಿದ ಕೈಯ ಬಳಿ ಇನ್ನೂ ತುಸು ಪಟ್ಟೆ ಇದೆ, ಆದರೆ ಒಲೆಯ ಬೆಂಕಿ ಅದನ್ನು ಮರೆಸುತ್ತದೆ. ಶಾಟ್ ಚಿತ್ರದಲ್ಲಿ ಉಳಿಯುತ್ತದೆ.