ಯಾರೂ ಹಚ್ಚದೆ ಹುಲ್ಲಿನ ಗೊಣಬೆ ತಾನಾಗೇ ಹತ್ತಿಕೊಳ್ಳುತ್ತಾ?

ಮಳೆಬಿಲ್ಲು: ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗ್ತಾ ಒಳಗೆ. ನಾನಾಗ ಮೂರನೇ ಕ್ಲಾಸು. ಆ ವರ್ಷ ಕುಯ್ಲಿನ ಹೊತ್ತಿಗೇ ಮಳೆ ಹೊಡೆದು, ಹುಲ್ಲು ಸರಿಯಾಗಿ ಒಣಗೋ ಮೊದ್ಲೇ ಕೊಟ್ಟಿಗೆ ಹಿಂದೆ ಗೊಣಬೆ ಹಾಕಿದ್ರು. ಒಂದಿನ ರಾತ್ರಿ ಅಜ್ಜಿ "ಎಂತದಾ ಅದು ಬೆಳಕು" ಅಂತ ಎದ್ರು, ನೋಡಿದ್ರೆ ಗೊಣಬೆ ಧಗಧಗ. ಫೋನಿಲ್ಲ, ಪಕ್ಕದ ಮನೆ ಅಂದ್ರೆ ಗದ್ದೆ ಬಯಲಿನ ಆಚೆ, ಅಪ್ಪ ಕೂ ಹಾಕಿದ್ದಕ್ಕೆ ಜನ ಓಡಿ ಬಂದ್ರು, ಹಳ್ಳದಿಂದ ಕೊಡಪಾನ ಕೈಯಿಂದ ಕೈಗೆ. ದನಗಳು ಹೆದರಿ ಎಳೆದಾಡ್ತಿದ್ವು, ಕಣ್ಣಿ ಬಿಚ್ಚಕ್ಕಾಗ್ದೆ ಅಪ್ಪ ಕತ್ತಿಲಿ ಕುಯ್ದು ಬಿಟ್ರು. ಕೊಟ್ಟಿಗೆ ಉಳೀತು. ಬೆಳಗ್ಗೆ ನೋಡಿದ್ರೆ ನಡುವಿನ ಕಂಬ ಒಂದೇ ಕರ್ರಗೆ ನಿಂತಿತ್ತು.

ಬೀಡಿ ಸೇದೋ ಒಬ್ಬ ಆಳಿನ ಮೇಲೆ ಎಲ್ರೂ ಹೇಳಿದ್ರು, ಅವನು ಮತ್ತೆ ಕೆಲ್ಸಕ್ಕೆ ಬರ್ಲೇ ಇಲ್ಲ. ಹಸಿ ಹುಲ್ಲು ತಾನಾಗೇ ಹತ್ತುತ್ತೆ ಅಂತ ಈಗ ಎಲ್ಲೋ ಓದಿದೆ. ಹೌದಾ?

ಸಾಗರದ ಕೃಷಿಕ: ಹತ್ತುತ್ತೆ ಮಾರಾಯ್ರೆ. ಗೊಬ್ಬರ ಗುಂಡಿ ಒಳಗೆ ಬಿಸಿ ಇರಲ್ವಾ, ಅದೇ ಕತೆ. ತೇವ ಶೇಕಡ 20 ದಾಟಿದ್ರೆ ಒಳಗೆ ಸೂಕ್ಷ್ಮಜೀವಿ ಬೆಳೆದು ಶಾಖ ಏರುತ್ತೆ, 70 ಡಿಗ್ರಿ ದಾಟಿತು ಅಂದ್ರೆ ಅಪಾಯ. ಕಬ್ಬಿಣದ ಸಲಾಕೆ ಚುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೀರಿ, ಮುಟ್ಟಕ್ಕಾಗಲ್ಲ ಅಂದ್ರೆ ಹುಷಾರು. ಅವಸರದಲ್ಲಿ ಕೆಡವಬೇಡಿ, ಗಾಳಿ ಒಳಗೆ ಹೋದ ಕೂಡ್ಲೆ ಭಗ್ ಅನ್ನುತ್ತೆ.

ಹೊಸನಗರ ಹೈದ: ಭತ್ತದ ಹುಲ್ಲು ಅಷ್ಟು ಸುಲಭಕ್ಕೆ ಹಂಗಾಗಲ್ಲ ಸಾರ್, ಮುಗ್ಗಲು ಹಿಡಿಯೋದೇ ಜಾಸ್ತಿ. ಮೇಡಂ, ಬೆಂಕಿ ಹೊಟ್ಟೆಯಿಂದ ಬಂತೋ ಬುಡದಿಂದ್ಲೋ? ತಾನಾಗೇ ಆದ್ರೆ ಒಳಗಿಂದ, ಎಷ್ಟೋ ದಿನ ಮುಂಚೆನೇ ಸುಟ್ಟ ವಾಸನೆ, ಹಬೆ. ಬುಡದಿಂದ ಅಂದ್ರೆ ನನ್ನ ಅನುಮಾನ ಬಚ್ಚಲೊಲೆ ಬೂದಿ ಮೇಲೆ. ಮೇಲೆ ತಣ್ಣಗೆ ಕಾಣುತ್ತೆ, ಒಳಗೆ ಕೆಂಡ ರಾತ್ರಿಯೆಲ್ಲ ಇರುತ್ತೆ, ನಮ್ಮನೆ ಅಡಿಕೆ ಚಪ್ಪರದ ದಬ್ಬೆ ಹಂಗೇ ಹೋಯ್ತು.

ಮಳೆಬಿಲ್ಲು: ವಾಸನೆ ಹಬೆ ಬಗ್ಗೆ ಅಪ್ಪ ಏನೂ ಹೇಳಿದ್ದಿಲ್ಲ. ಹತ್ತಿದ್ದು ಬುಡದಿಂದ, ಕೊಟ್ಟಿಗೆ ಕಡೆ ಮಗ್ಗುಲು, ಗೊಬ್ಬರ ಗುಂಡಿ ಇರೋದೂ ಅಲ್ಲೇ. ಬೂದಿ ಹಾಕಿ ಬರೋದು ನನ್ನ ಕೆಲ್ಸ ಆಗಿತ್ತು. ಆ ಸಂಜೆ ಹಾಕಿದ್ನೋ ಇಲ್ವೋ ನೆನಪಿಲ್ಲ. ತಗಡಿನ ಡಬ್ಬ ನೆನಪಿದೆ, ಹಿಡಿ ಸುಡುತ್ತೆ ಅಂತ ಲಂಗದ ಅಂಚಲ್ಲಿ ಹಿಡ್ಕೊಂಡು ಹೋಗ್ತಿದ್ದೆ.