ಕಿವಿ ಚುಚ್ಚಿಸಿ ಎರಡು ವಾರ, ಮೂರು ವಾರದಲ್ಲಿ ಕಬಡ್ಡಿ: ಓಲೆ ಏನು ಮಾಡಲಿ?

ನನ್ನ ಮಗಳಿಗೆ 14 ವರ್ಷ. ಚಿಕ್ಕಂದಿನಲ್ಲಿ ಚುಚ್ಚಿಸಿದ್ದರ ಪಕ್ಕದಲ್ಲಿ ಇನ್ನೊಂದು ತೂತು ಬೇಕೆಂದು ಹಟ ಹಿಡಿದಳು. ಎರಡು ವಾರದ ಹಿಂದೆ ಅಕ್ಕಸಾಲಿಯ ಹತ್ತಿರ ಎರಡೂ ಕಿವಿಗೆ ಚುಚ್ಚಿಸಿದೆವು. ಈಗ ಶಾಲೆಯ ಕಬಡ್ಡಿ ತಂಡಕ್ಕೆ ಆಯ್ಕೆಯಾಗಿದ್ದಾಳೆ, ಹೋಬಳಿ ಮಟ್ಟದ ಪಂದ್ಯಕ್ಕೆ ಇನ್ನು ಮೂರೇ ವಾರ. ಓಲೆ ಹಾಕಿಕೊಂಡು ಅಂಕಣಕ್ಕೆ ಇಳಿಯುವಂತಿಲ್ಲ ಎಂದು ದೈಹಿಕ ಶಿಕ್ಷಕರು ಹೇಳಿದ್ದಾರೆ. ಆಟದ ಹೊತ್ತಿಗೆ ತೆಗೆದು ಆಮೇಲೆ ಹಾಕಿದರೆ ಆಗದೇ? ಅಥವಾ ಮೇಲೆ ಪಟ್ಟಿ ಅಂಟಿಸಿ ಆಡಬಹುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

*

ಅಕ್ಕ, ನಾನು ಪಿಯುಸಿಯಿಂದ ಪದವಿ ಮುಗಿಯುವವರೆಗೆ ಐದು ವರ್ಷ ಕಬಡ್ಡಿ ಆಡಿದವಳು. ನಿಮ್ಮ ಶಿಕ್ಷಕರ ಮಾತು ಸರಿ. ಉಗುರು ಕತ್ತರಿಸಿರಬೇಕು, ಮೈಮೇಲೆ ಒಡವೆ ಇರಬಾರದು ಎಂಬುದು ಕಬಡ್ಡಿಯ ನಿಯಮದಲ್ಲೇ ಇದೆ. ಅದು ಯಾಕಿದೆ ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಂಜೆ ಅಭ್ಯಾಸದಲ್ಲಿ, ಪಂದ್ಯವಲ್ಲವಲ್ಲ ಎಂದು ನಮ್ಮವಳೊಬ್ಬಳು ಸಣ್ಣ ರಿಂಗು ಹಾಕಿಕೊಂಡೇ ಇಳಿದಿದ್ದಳು. ರೈಡರ್ ಆಗಿ ಹೋದವಳನ್ನು ನಾಲ್ವರು ಒಟ್ಟಿಗೆ ಹಿಡಿದೆವು. ಎಲ್ಲರೂ ಎದ್ದು ಮಣ್ಣು ಕೊಡವಿಕೊಂಡೆವು, ಅವಳೂ ನಗುತ್ತಲೇ ಎದ್ದಳು. ಅವಳ ಜರ್ಸಿಯ ಭುಜ ಕೆಂಪಾಗಿದ್ದನ್ನು ಮೊದಲು ನೋಡಿದವಳು ನಾನು. ರಿಂಗು ಇನ್ನೊಬ್ಬಳ ಜರ್ಸಿಯ ಕತ್ತುಪಟ್ಟಿಗೆ ಸಿಕ್ಕಿಕೊಂಡಿತ್ತು, ಕಿವಿಯ ಹಾಲೆ ತೂತಿನಿಂದ ಕೆಳಗೆ ಸೀಳಿ ಎರಡು ತುಂಡಾಗಿತ್ತು. ಹೊಲಿಗೆ ಹಾಕಿಸಿದರೂ ಅಲ್ಲೊಂದು ಕಚ್ಚು ಉಳಿದೇ ಹೋಯಿತು.

ಇನ್ನು ತೆಗೆದು ಹಾಕುವ ವಿಷಯ. ಹಾಲೆಗೆ ಚುಚ್ಚಿಸಿದ ಗಾಯ ಮಾಗಲು ಆರರಿಂದ ಎಂಟು ವಾರ ಬೇಕು. ನಿಮ್ಮ ಲೆಕ್ಕದಲ್ಲಿ ಪಂದ್ಯದ ದಿನಕ್ಕೆ ಆಗುವುದು ಐದೇ ವಾರ. ನಾನು ಪದವಿಯ ಎರಡನೆಯ ವರ್ಷದಲ್ಲಿ ಇದೇ ತಪ್ಪು ಮಾಡಿದೆ. ನಾಲ್ಕನೆಯ ವಾರದಲ್ಲಿ ಪಂದ್ಯಕ್ಕೆಂದು ಓಲೆ ಬಿಚ್ಚಿ ಪರ್ಸಿನಲ್ಲಿಟ್ಟೆ. ಎರಡು ಗಂಟೆ ಬಿಟ್ಟು ಹಾಕಲು ಹೋದರೆ ಮುಂದೆ ತೂತು ಕಾಣುತ್ತಿದೆ, ಹಿಂದೆ ಚರ್ಮ ಕೂಡಿಕೊಂಡಿದೆ. ಕನ್ನಡಿಯ ಮುಂದೆ ನಿಂತು ಒತ್ತಿದೆ, ಒತ್ತಿದೆ, ಕೊನೆಗೆ ಕಡ್ಡಿ ಇನ್ನೊಂದು ಕಡೆ ತೂರಿ ಬಂತು. ಅಷ್ಟೂ ದಿನ ಮಾಗಿದ್ದೆಲ್ಲ ಹೋಗಿ ಹೊಸ ಗಾಯವಾಯಿತು, ವಾರವಿಡೀ ಆ ಮಗ್ಗುಲಿಗೆ ಮಲಗಲಾಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಈ ವರ್ಷ ಮಗಳಿಗೆ ಕಬಡ್ಡಿಯೇ ಮುಖ್ಯವಾದರೆ ಹೊಸ ಓಲೆಗಳನ್ನು ಈಗಲೇ ತೆಗೆಸಿಬಿಡಿ, ತೂತು ಮುಚ್ಚಿಕೊಳ್ಳಲಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮರುದಿನವೇ ಮತ್ತೆ ಚುಚ್ಚಿಸಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಏಳೆಂಟು ವಾರ ತಾನಾಗಿಯೇ ಸಿಗುತ್ತದೆ. ಆಡುವ ಮಕ್ಕಳ ಕಿವಿಗೆ ಪಂಚಾಂಗದ ಮುಹೂರ್ತದ ಜೊತೆಗೆ ಪಂದ್ಯಗಳ ಪಟ್ಟಿಯನ್ನೂ ನೋಡಬೇಕು.

*

ಪಟ್ಟಿ ಅಂಟಿಸುವ ಬಗ್ಗೆ ನನ್ನದೊಂದು ಮಾತು. ನನ್ನ ಮಗ ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡುತ್ತಾನೆ, ಒಂದು ಕಿವಿಗೆ ಚುಚ್ಚಿಸಿಕೊಂಡಿದ್ದ. ಫುಟ್‌ಬಾಲ್ ನಿಯಮಾವಳಿಯ ನಾಲ್ಕನೆಯ ನಿಯಮದಲ್ಲಿ ಆಗ ಇದು ನೇರವಾಗಿಯೇ ಇತ್ತು: ಎಲ್ಲ ಒಡವೆಯನ್ನೂ ತೆಗೆಯಬೇಕು, ಟೇಪ್ ಹಚ್ಚಿ ಮುಚ್ಚುವುದಕ್ಕೂ ಅವಕಾಶವಿಲ್ಲ. ನಮಗದು ಗೊತ್ತಿರಲಿಲ್ಲ, ರೆಫರಿ ಅವನನ್ನು ಗೆರೆಯಾಚೆಯೇ ನಿಲ್ಲಿಸಿದರು. ಅಭ್ಯಾಸದ ದಿನಗಳಲ್ಲಿ ಟೇಪ್ ಹಚ್ಚಿ ನೋಡಿದ್ದೂ ಆಯಿತು. ಬೆವರಿಗೆ ಅದು ಅರ್ಧ ಗಂಟೆ ನಿಲ್ಲುವುದಿಲ್ಲ. ಕೀಳುವಾಗ ಓಲೆಯನ್ನೂ ಎಳೆದುಕೊಂಡು ಬರುತ್ತದೆ.

*

ನಾನು ಚರ್ಮರೋಗ ವಿಭಾಗದಲ್ಲಿ ನರ್ಸ್. ಮಗಳು ಓಲೆ ಉಳಿಸಿಕೊಂಡು ಪಂದ್ಯ ಬಿಡುವುದಾದರೆ ಓಟ, ಸ್ಕಿಪ್ಪಿಂಗ್, ಬಸ್ಕಿ ಯಾವುದಕ್ಕೂ ಅಡ್ಡಿಯಿಲ್ಲ. ಮೈಗೆ ಮೈ ತಾಗುವ ಆಟ ಮಾತ್ರ ಬೇಡ. ಬೆವರಿಗಿಂತ ನಾನು ಹೆದರುವುದು ಅಂಕಣದ ಮಣ್ಣು ಹತ್ತಿದ ಕೈಗೆ. ಬೆವರು ಒರೆಸುತ್ತಾ ಮಕ್ಕಳು ಅದೇ ಕೈಯಲ್ಲಿ ಓಲೆ ಮುಟ್ಟಿ ನೋಡುತ್ತಾರೆ.

ಮನೆಗೆ ಬಂದ ಮೇಲೆ ಸೋಪಿನಲ್ಲಿ ಕೈ ತೊಳೆದು, ಔಷಧಿ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್ (0.9% ಉಪ್ಪಿನ ಶುದ್ಧ ನೀರು) ಅನ್ನು ಶುದ್ಧ ಗಾಜ್ ಬಟ್ಟೆಗೆ ಹಾಕಿ, ಕಿವಿಯ ಹಿಂದೂ ಮುಂದೂ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು. ಹಕ್ಕಳೆ ನೆನೆದು ತಾನೇ ಬಿಡುತ್ತದೆ, ಉಗುರಿನಿಂದ ಕೀಳಬಾರದು. ದಿನವೂ ಓಲೆ ತಿರುಗಿಸಬೇಕು ಎಂದು ನಮ್ಮ ಅಮ್ಮಂದಿರು ಹೇಳುತ್ತಿದ್ದರು, ನಾನೂ ಹಾಗೆಯೇ ಮಾಡುತ್ತಿದ್ದೆ. ತಿರುಗಿಸಿದಷ್ಟೂ ಒಳಗೆ ಹೊಸದಾಗಿ ಬಂದ ಚರ್ಮ ಹರಿಯುತ್ತದೆ, ಆದ್ದರಿಂದ ಅದನ್ನು ಬಿಡಿ. ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯೂ ಬೇಡ, ಅದರ ಮೇಲೆ ಧೂಳು ಕೂರುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೆ ಗಾಯ ಮಾಗುವುದು ತಡವಾಗುತ್ತದೆ. ಹಿಂದಿನ ತಿರುಪನ್ನು ಬಿಗಿ ಮಾಡಬೇಡಿ, ಊತ ಬಂದಾಗ ಅದು ಚರ್ಮದೊಳಗೆ ಹೂತುಹೋಗಿ ನಮ್ಮಲ್ಲಿಗೆ ಬರುವ ಮಕ್ಕಳಿದ್ದಾರೆ. ಟೀ ಶರ್ಟನ್ನು ತಲೆಯ ಮೇಲಿಂದ ಎಳೆಯುವಾಗಲೂ ಜೋಪಾನ.

ಕಿವಿ ಬಿಸಿಯಾಗಿ ಕೆಂಪು ಹರಡುತ್ತಿದ್ದರೆ, ಹಸಿರು ಅಥವಾ ಹಳದಿ ಕೀವು ಬಂದರೆ, ಜ್ವರ ಬಂದರೆ ವೈದ್ಯರ ಹತ್ತಿರ ಹೋಗಿ. ಆಗ ನೀವೇ ಓಲೆ ಕಿತ್ತರೆ ತೂತು ಮುಚ್ಚಿ ಕೀವು ಒಳಗೇ ನಿಲ್ಲಬಹುದು. ಇನ್ನೊಂದು ಮಾತು, ಮನೆಯಲ್ಲಿ ಯಾರಿಗಾದರೂ ಗಾಯ ಮಾಗಿದ ಜಾಗದಲ್ಲಿ ಗಂಟು ಬೆಳೆದಿದ್ದರೆ ಮತ್ತೆ ಚುಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

*

ನನ್ನ ತಂಗಿ ಚುಚ್ಚಿಸಿಕೊಂಡಿದ್ದು ಅಜ್ಜಿ ಬುಗುಡಿ ಹಾಕುತ್ತಿದ್ದ ಜಾಗಕ್ಕೆ, ಕಿವಿಯ ಮೇಲಿನ ಗಟ್ಟಿ ಭಾಗಕ್ಕೆ. ಇದನ್ನು ಓದುವ ಬೇರೆ ತಾಯಂದಿರಿಗಾಗಿ ಹೇಳುತ್ತಿದ್ದೇನೆ: ಅಲ್ಲಿ ಎಂಟು ವಾರದ ಲೆಕ್ಕ ನಡೆಯುವುದಿಲ್ಲ. ರಕ್ತಸಂಚಾರ ಕಡಿಮೆ, ಮಾಗಲು ತಿಂಗಳುಗಟ್ಟಲೆ ಬೇಕು, ವರ್ಷವೂ ಆಗಬಹುದು. ಅವಳು ಆಡುತ್ತಿದ್ದುದು ಶಟಲ್, ಯಾರೂ ಮೈಮೇಲೆ ಬೀಳುವುದಿಲ್ಲ. ಅದಕ್ಕೇ ಮೊದಲ ಎರಡು ತಿಂಗಳು ಏನೂ ತೊಂದರೆಯಾಗಲಿಲ್ಲ. ಬೇಸಿಗೆಯಲ್ಲಿ ಈಜುಕೊಳಕ್ಕೆ ಇಳಿದಳು, ಕಿವಿಯ ಮೇಲ್ಭಾಗ ಊದಿ ಆಸ್ಪತ್ರೆ ಸೇರಿದಳು. ಗಾಯ ಪೂರ್ತಿ ಮಾಗುವವರೆಗೆ ಕೊಳ, ಕೆರೆ, ಹೊಳೆ ಯಾವುದಕ್ಕೂ ಇಳಿಯಬಾರದು ಎಂದು ವೈದ್ಯರು ಆಗ ಹೇಳಿದರು.

*

ಎಲ್ಲರಿಗೂ ಧನ್ಯವಾದ. ಬರೆದಿದ್ದೆಲ್ಲವನ್ನೂ ಮಗಳಿಗೆ ಓದಿಸಿದೆ. ಸೀಳಿದ ಕಿವಿಯ ಭಾಗವನ್ನು ಎರಡು ಸಲ ಓದಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ತೆಗೆಸಮ್ಮ, ಏಪ್ರಿಲ್‌ನಲ್ಲಿ ನೋಡೋಣ ಎಂದಳು. ನಾಳೆ ಅಕ್ಕಸಾಲಿಯ ಹತ್ತಿರ ಹೋಗುತ್ತೇವೆ. ಚಿಕ್ಕಂದಿನ ತೂತಿನ ಓಲೆಗಳನ್ನು ಪಂದ್ಯದ ದಿನ ತೆಗೆಯಬಹುದಲ್ಲವೇ?

*

ಧಾರಾಳವಾಗಿ ತೆಗೆಯಬಹುದು ಅಕ್ಕ. ಹತ್ತು ಹನ್ನೆರಡು ವರ್ಷದ ತೂತು ಒಂದು ದಿನಕ್ಕೆ ಮುಚ್ಚುವುದಿಲ್ಲ. ಮನೆಯಲ್ಲೇ ಬಿಚ್ಚಿಟ್ಟು ಕಳಿಸಿ. ಮೈದಾನದಲ್ಲಿ ಬಿಚ್ಚಿದರೆ ಹಿಂದಿನ ತಿರುಪು ಹುಲ್ಲಿನಲ್ಲಿ ಬಿದ್ದು ಸಿಗುವುದಿಲ್ಲ.