ದಾರಿ ತಪ್ಪಿದ ಮಗುವಿಗೆ ಗೊತ್ತಿರಬೇಕಾದದ್ದು

ಮಕ್ಕಳನ್ನು ಪ್ರಕೃತಿ ಶಿಬಿರಕ್ಕೆ ಸೇರಿಸಬೇಕೇ ಎಂದು ಕೇಳಿದ ತಾಯಿಗೆ ನನ್ನ ಉತ್ತರ: ಖಂಡಿತ ಸೇರಿಸಿ, ಆದರೆ ಅಲ್ಲಿ ಏನು ಕಲಿಸುತ್ತಾರೆಂದು ಮೊದಲು ವಿಚಾರಿಸಿಕೊಳ್ಳಿ. ಚಕಮಕಿ ಕಲ್ಲಿನಿಂದ ಬೆಂಕಿ ಹೊತ್ತಿಸುವುದು, ಚಾಕುವಿನಿಂದ ಕೋಲು ಕೆತ್ತುವುದು ಮಕ್ಕಳಿಗೆ ಬಹಳ ಇಷ್ಟ, ಅವುಗಳಿಂದ ಕೈಗೆ ಹದವೂ ಬರುತ್ತದೆ. ಆದರೂ ಎಂಟು ವರ್ಷದ ಮಗು ಚಾರಣದ ಹಾದಿಯಲ್ಲಿ ಹಿಂದುಳಿದು ಒಂಟಿಯಾದಾಗ ಅದರ ನೆರವಿಗೆ ಬರುವ ಪಾಠ ಬೇರೆಯೇ ಇದೆ.

1981ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ದಾರಿ ತಪ್ಪಿದ. ನೂರಾರು ಜನ ಹುಡುಕಿದರೂ ಅವನು ಬದುಕಿ ಸಿಗಲಿಲ್ಲ, ಚಳಿ ಅವನನ್ನು ಕೊಂದಿತ್ತು. ಆ ಹುಡುಕಾಟದಲ್ಲಿದ್ದವರೇ ಆಮೇಲೆ ಮಕ್ಕಳಿಗಾಗಿ ‘ಹಗ್ ಎ ಟ್ರೀ’ ಎಂಬ ತರಬೇತಿಯನ್ನು ರೂಪಿಸಿದರು. ದಾರಿ ತಪ್ಪಿದೆ ಎಂದು ಗೊತ್ತಾದ ಕೂಡಲೇ ಹತ್ತಿರದ ಮರವೊಂದನ್ನು ತಬ್ಬಿ ಅಲ್ಲೇ ಇರು ಎಂಬುದು ಅದರ ತಿರುಳು. ಮಗು ಎರಡರಷ್ಟು ದೂರ ನಡೆದರೆ ಹುಡುಕಬೇಕಾದ ಪ್ರದೇಶ ನಾಲ್ಕರಷ್ಟಾಗುತ್ತದೆ. ಹೀಗೆ ಕಾಯುವಾಗ ಹಸಿವಿಗಿಂತ ಚಳಿಯೇ ಅಪಾಯಕಾರಿ, ಅದರಲ್ಲೂ ನೆನೆದ ಹತ್ತಿ ಬಟ್ಟೆ ಮೈಯ ಬಿಸಿಯನ್ನು ಉಳಿಯಗೊಡುವುದಿಲ್ಲ. ಆದ್ದರಿಂದ ಮಗುವಿನ ಬೆನ್ನುಚೀಲದಲ್ಲಿ ಒಂದು ಸೀಟಿಯೂ, ಮುಖ ಹೊರಗಿಡಲು ತೂತು ಕತ್ತರಿಸಿದ ದೊಡ್ಡ ಕಸದ ಚೀಲವೂ ಇರಲಿ. ಕೂಗಿದರೆ ಗಂಟಲು ಬೇಗ ಕಟ್ಟಿಹೋಗುತ್ತದೆ, ಸೀಟಿಯ ಸದ್ದು ಕೂಗಿಗಿಂತ ದೂರ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಅಪರಿಚಿತರೊಡನೆ ಮಾತನಾಡಬಾರದೆಂದು ಕಲಿತ ಮಕ್ಕಳು, ಸಿಕ್ಕಿದ ಮೇಲೆ ಬೈಸಿಕೊಳ್ಳಬೇಕಲ್ಲ ಎಂದು ಹೆದರಿದ ಮಕ್ಕಳು, ಹುಡುಕಲು ಬಂದವರ ಕರೆಗೆ ಓಗೊಡದೆ ಅಡಗಿ ಕುಳಿತದ್ದುಂಟು. ಎಷ್ಟೇ ಹೊತ್ತಾಗಲಿ, ತಪ್ಪು ಯಾರದೇ ಇರಲಿ, ನಾವು ಬೈಯುವುದಿಲ್ಲ ಎಂಬ ಮಾತನ್ನು ಮನೆಯಲ್ಲೇ ಕೊಟ್ಟು ಅದನ್ನು ಉಳಿಸಿಕೊಳ್ಳಬೇಕು. ನಮ್ಮಂಥ ಮನೆಗಳಲ್ಲಿ ಹೆಸರಿನ ತೊಡಕೂ ಸೇರುತ್ತದೆ: ದಾಖಲೆಯ ಹೆಸರನ್ನು ಬೇರೊಂದು ಉಚ್ಚಾರಣೆಯಲ್ಲಿ ಕೂಗಿದಾಗ, ಮನೆಯಲ್ಲಿ ‘ಪುಟ್ಟಿ’ ಎಂದಷ್ಟೇ ಕರೆಸಿಕೊಂಡ ಮಗುವಿಗೆ ಅದು ತನ್ನ ಹೆಸರೆಂದೇ ಹೊಳೆಯದಿರಬಹುದು. ಅಂಥ ಸಂದರ್ಭ ಯಾರಿಗೂ ಬಾರದಿರಲಿ. ಬಂದರೆ ಹುಡುಕುವವರಿಗೆ ಮುದ್ದಿನ ಹೆಸರನ್ನೂ ಹೇಳಿಕೊಡಿ.

ಇಂಥ ಶಿಬಿರಗಳಿಗೆ ವಾರಾಂತ್ಯದಲ್ಲಿ ಕೈಜೋಡಿಸುವ ಪೋಷಕರು ಸದಾ ಬೇಕಾಗಿರುತ್ತಾರೆ, ಸಾಧ್ಯವಾದವರು ದಯವಿಟ್ಟು ಹೋಗಿ. ಅಷ್ಟರೊಳಗೆ ಹತ್ತಿರದ ಉದ್ಯಾನದಲ್ಲೇ ಅಭ್ಯಾಸ ಮಾಡಿಸಬಹುದು: ಮಗು ತಾನೇ ಮರವೊಂದನ್ನು ಆರಿಸಿ ಕುಳಿತು ಮೂರು ಸಲ ಸೀಟಿ ಊದಲಿ, ನೀವು ಸದ್ದಿನ ಜಾಡು ಹಿಡಿದು ಹೋಗಿ. ನಾನು ಹಾಗೆ ಹುಡುಕಿಕೊಂಡು ಹೋಗುವಷ್ಟರಲ್ಲಿ ನನ್ನ ಮಗಳು ತೊಗಟೆಯ ಮೇಲೆ ಇರುವೆಗಳ ಸಾಲೊಂದನ್ನು ಕಂಡುಕೊಂಡಿದ್ದಳು. ಅವು ಎಲ್ಲಿಗೆ ಹೋಗುತ್ತವೆಂದು ತಿಳಿಯುವ ತನಕ ಎದ್ದು ಬರಲು ಒಪ್ಪಲಿಲ್ಲ.